ಉದ್ಯೋಗ ಸಂದರ್ಶನ: ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯ ಸಿದ್ಧತೆ

ಕೆಲಸ ಕೊಡುವವರು ಕೆಲಸ ಕೇಳಿ ಬಂದವರನ್ನು ಎದುರಿಗೆ ಕೂರಿಸಿಕೊಂಡು, ಮಾತನಾಡಿಸಿ, ಯೋಗ್ಯತೆ ಅಳೆಯುವ ಕ್ರಮವೇ ಉದ್ಯೋಗ ಸಂದರ್ಶನ. ಹೆಸರು ಒಂದೇ, ಬಗೆ ಮಾತ್ರ ಹಲವು. ವಿಜಯಪುರದ ಇಂಜಿನಿಯರಿಂಗ್ ಕಾಲೇಜಿಗೆ ಕ್ಯಾಂಪಸ್ ಆಯ್ಕೆಗೆಂದು ಬರುವ ಸಾಫ್ಟ್‌ವೇರ್ ಕಂಪನಿ ಹುಡುಕುವುದು ಒಂದನ್ನು, ಬೆಂಗಳೂರಿನ ಉದ್ಯೋಗ ಸೌಧದಲ್ಲಿರುವ ಕರ್ನಾಟಕ ಲೋಕಸೇವಾ ಆಯೋಗ ಹುಡುಕುವುದು ಇನ್ನೊಂದನ್ನು. ಸೇನೆಯ ಆಯ್ಕೆ ಮಂಡಳಿ, ಗ್ರಾಮೀಣ ಬ್ಯಾಂಕು, ಹಾಲು ಒಕ್ಕೂಟ, ಸಕ್ಕರೆ ಕಾರ್ಖಾನೆ, ಖಾಸಗಿ ಶಾಲೆ, ಹೀಗೆ ಒಬ್ಬೊಬ್ಬರ ಲೆಕ್ಕ ಒಂದೊಂದು. ಬಬಲೇಶ್ವರ, ತಿಕೋಟಾ ಕಡೆಯ ಪದವೀಧರರು ಒಂದೇ ವರ್ಷದಲ್ಲಿ ಇವುಗಳಲ್ಲಿ ಮೂರ್ನಾಲ್ಕು ಕಡೆ ಅರ್ಜಿ ಹಾಕುತ್ತಾರೆ. ಎಲ್ಲಕ್ಕೂ ಒಂದೇ ಗೈಡು ಓದಿ, ಒಂದೇ ಸ್ವಪರಿಚಯ ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ. ತೊಡಕು ಶುರುವಾಗುವುದು ಅಲ್ಲಿಂದಲೇ.

ಅರ್ಜಿ ಹಾಕಿದ ಹುದ್ದೆಗೆ ಸಂದರ್ಶನ ಇದೆಯೋ ಇಲ್ಲವೋ ಎಂಬುದನ್ನೇ ಮೊದಲು ತಿಳಿದುಕೊಳ್ಳಬೇಕು. 2015ರ ಆಗಸ್ಟ್ 15ರ ಕೆಂಪುಕೋಟೆಯ ಭಾಷಣದಲ್ಲಿ ಪ್ರಧಾನಿ ನರೇಂದ್ರ ಮೋದಿ, ಕೆಳಹಂತದ ಹುದ್ದೆಗಳಿಗೆ ಸಂದರ್ಶನ ಏಕೆ ಬೇಕು ಎಂಬ ಪ್ರಶ್ನೆ ಎತ್ತಿದರು. 2016ರ ಜನವರಿ 1ರಿಂದ ಕೇಂದ್ರ ಸರ್ಕಾರದ ಗ್ರೂಪ್ ಸಿ, ಗ್ರೂಪ್ ಡಿ ಮತ್ತು ಗ್ರೂಪ್ ಬಿ ನಾನ್‌ಗೆಜೆಟೆಡ್ ಹುದ್ದೆಗಳ ನೇಮಕಾತಿಯಲ್ಲಿ ಸಂದರ್ಶನ ನಿಂತಿತು. ಐಬಿಪಿಎಸ್ ನಡೆಸುವ ಬ್ಯಾಂಕ್ ಕ್ಲರ್ಕ್ ಆಯ್ಕೆಯಲ್ಲಿ, ಗ್ರಾಮೀಣ ಬ್ಯಾಂಕುಗಳ ಆಫೀಸ್ ಅಸಿಸ್ಟೆಂಟ್ ಆಯ್ಕೆಯಲ್ಲಿ ಸಂದರ್ಶನ ಇಲ್ಲ. ಅಗ್ನಿವೀರ್ ಭರ್ತಿಗೆ ಆನ್‌ಲೈನ್ ಪರೀಕ್ಷೆ, ದೈಹಿಕ ಪರೀಕ್ಷೆ, ವೈದ್ಯಕೀಯ ತಪಾಸಣೆ ಇಷ್ಟೇ. ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರನ್ನು ಆರಿಸುವುದೂ ಪರೀಕ್ಷೆ ಮತ್ತು ಅಂಕಗಳ ಮೇಲೆಯೇ. ಇಂಥ ಹುದ್ದೆಗೆ "ಇಂಟರ್‌ವ್ಯೂದಾಗ ಪಾಸ್ ಮಾಡಸ್ತೀನಿ, ಇಷ್ಟು ರೊಕ್ಕಾ ಆಗತೈತಿ" ಎನ್ನುತ್ತ ಬರುವವನು ಮೋಸಗಾರ. ಇಲ್ಲದ ಸಂದರ್ಶನವನ್ನು ಯಾರೂ ಪಾಸ್ ಮಾಡಿಸಲಾರರು. ಆನ್‌ಲೈನ್ ಸಂದರ್ಶನದ ಹೆಸರಿನಲ್ಲಿ ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಹಣ ಹಾಕಿಸಿಕೊಂಡರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ಸಂದರ್ಶನ ಇದ್ದರೆ ಅದರ ತೂಕ ಎಷ್ಟು ಎಂಬುದು ಮುಂದಿನ ಪ್ರಶ್ನೆ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ಒಟ್ಟು 2025 ಅಂಕಗಳಲ್ಲಿ ವ್ಯಕ್ತಿತ್ವ ಪರೀಕ್ಷೆಗೆ 275. ಕೆಎಎಸ್‌ನಲ್ಲಿ ಒಂದು ಕಾಲಕ್ಕೆ 200 ಅಂಕ ಇತ್ತು. ಅದು ಇಳಿಯುತ್ತ ಬಂದು, 384 ಹುದ್ದೆಗಳ 2024ರ ಅಧಿಸೂಚನೆಯ ಹೊತ್ತಿಗೆ 25ಕ್ಕೆ ನಿಂತಿದೆ. ಮುಖ್ಯ ಪರೀಕ್ಷೆಯ 1250 ಅಂಕಗಳ ಎದುರು ಇದು ಬರೀ ಶೇ 2. ಬ್ಯಾಂಕ್ ಪ್ರೊಬೇಷನರಿ ಅಧಿಕಾರಿಗಳ ಆಯ್ಕೆಯಲ್ಲಿ ಮುಖ್ಯ ಪರೀಕ್ಷೆಗೆ 80, ಸಂದರ್ಶನಕ್ಕೆ 20ರ ಪಾಲು. ಹಾಲು ಒಕ್ಕೂಟದಂಥ ಸಹಕಾರ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ 85 ಮತ್ತು 15. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಕತೆಯೇ ಬೇರೆ: ಯುಜಿಸಿಯ 2018ರ ನಿಯಮಾವಳಿಯಂತೆ ಶೈಕ್ಷಣಿಕ ಅಂಕಗಳು ಸಂದರ್ಶನಕ್ಕೆ ಕರೆಯುವ ಪಟ್ಟಿಯವರೆಗೆ ಮಾತ್ರ ಲೆಕ್ಕಕ್ಕೆ ಬರುತ್ತವೆ, ಆಯ್ಕೆ ನಡೆಯುವುದು ಸಂದರ್ಶನದ ಮೇಲೆ. ತಯಾರಿಗೆ ಎಷ್ಟು ದಿನ ಮೀಸಲಿಡಬೇಕೆಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಕೆಎಎಸ್ ಬರೆಯುವವರು ಸಂದರ್ಶನದ ತರಬೇತಿಗೆ ಸಾವಿರಾರು ರೂಪಾಯಿ ಸುರಿಯುವುದಕ್ಕಿಂತ ಮುಖ್ಯ ಪರೀಕ್ಷೆಯ ಉತ್ತರ ಬರವಣಿಗೆಗೆ ಆ ಸಮಯ ಕೊಡುವುದು ಲೇಸು.

ಈ ಅಂಕಗಳ ಹಿಂದೆ ದೊಡ್ಡ ಜಗಳದ ಇತಿಹಾಸವೇ ಇದೆ, ಅದರಲ್ಲಿ ಕರ್ನಾಟಕದ ಪಾಲೂ ದೊಡ್ಡದು. ಮೈಸೂರು ರಾಜ್ಯದ ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನದ ಅಂಕ ಸೇರಿಸಿದ್ದನ್ನು ಪ್ರಶ್ನಿಸಿದ ಆರ್. ಚಿತ್ರಲೇಖಾ ಪ್ರಕರಣ 1964ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಬಹುಮತದ ತೀರ್ಪು ಸಂದರ್ಶನ ಪದ್ಧತಿಯನ್ನು ಎತ್ತಿಹಿಡಿಯಿತು. 1981ರ ಅಜಯ್ ಹಾಸಿಯಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ಬಿಗಿಯಾಯಿತು. ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಟ್ಟು ಅಂಕಗಳ ಮೂರನೇ ಒಂದು ಭಾಗ ಸಂದರ್ಶನಕ್ಕಿತ್ತು, ಒಬ್ಬೊಬ್ಬರನ್ನು ಮಾತನಾಡಿಸಿದ್ದು ಎರಡು ಮೂರು ನಿಮಿಷ ಎಂಬ ದೂರಿತ್ತು. ಶೇ 15ಕ್ಕಿಂತ ಹೆಚ್ಚು ಅಂಕ ಇಡುವುದು ಮನಸೋಇಚ್ಛೆಗೆ ದಾರಿ ಎಂದ ನ್ಯಾಯಾಲಯ, ಸಂದರ್ಶನವನ್ನು ಟೇಪ್ ಮಾಡಿಡುವುದು ಒಳ್ಳೆಯದೆಂದೂ ಸೂಚಿಸಿತು. 1985ರ ಅಶೋಕ್ ಕುಮಾರ್ ಯಾದವ್ ಪ್ರಕರಣದಲ್ಲಿ ಹರಿಯಾಣದ ನಾಗರಿಕ ಸೇವಾ ಆಯ್ಕೆಯಲ್ಲಿದ್ದ ಸಂದರ್ಶನದ ಅಂಕ ಅತಿಯಾಯಿತು ಎಂದಿತು.

ಕನ್ನಡ ನಾಡಿನ ಮನಸ್ಸಿಗೆ ಹೆಚ್ಚು ತಾಗಿದ್ದು 2011ನೇ ಸಾಲಿನ ಕೆಪಿಎಸ್‌ಸಿ ಆಯ್ಕೆ. 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ನಡೆದ ಸಂದರ್ಶನದ ಅಂಕಗಳ ಬಗ್ಗೆ ಗಂಭೀರ ಆರೋಪ ಬಂತು, ಸಿಐಡಿ ತನಿಖೆಯಾಯಿತು. 2014ರಲ್ಲಿ ಸರ್ಕಾರ ಆಯ್ಕೆಯನ್ನೇ ಕೈಬಿಟ್ಟಿತು. ಕೊನೆಗೆ 2022ರಲ್ಲಿ ವಿಧಾನಮಂಡಲ ಕಾಯ್ದೆ ಮಾಡಿ ಆ ನೇಮಕಾತಿಗಳಿಗೆ ಮಾನ್ಯತೆ ಕೊಟ್ಟಿತು. ಹಳ್ಳಿಯ ಹುಡುಗರ ಹತ್ತು ವರ್ಷ ಇದರಲ್ಲಿ ಕಳೆದುಹೋಯಿತು. ಸಂದರ್ಶನದ ಅಂಕ ಇಳಿದದ್ದು ಅವರ ಪಾಲಿಗೆ ನ್ಯಾಯವೇ.

ಅಂಕ ಕಡಿಮೆಯಾದ ಮಾತ್ರಕ್ಕೆ ಸಂದರ್ಶನವನ್ನು ಉದಾಸೀನ ಮಾಡುವಂತಿಲ್ಲ. ಒಂದೆರಡು ಅಂಕದಲ್ಲಿ ತಹಶೀಲ್ದಾರ್ ಹುದ್ದೆ ಹೋಗಿ ಬೇರೆ ಹುದ್ದೆ ಸಿಗುವುದುಂಟು. ಲೋಕಸೇವಾ ಆಯೋಗಗಳ ಮಂಡಳಿಯ ಮುಂದೆ ಅಭ್ಯರ್ಥಿಯೇ ತುಂಬಿಕೊಟ್ಟ ವಿವರವಾದ ಅರ್ಜಿ ಇರುತ್ತದೆ. ಹುಟ್ಟಿದ ಊರು, ಓದಿದ ವಿಷಯ, ತಂದೆ ತಾಯಿಯ ಕಸುಬು, ಹವ್ಯಾಸ, ಹಿಂದಿನ ಕೆಲಸ ಎಲ್ಲವೂ ಅದರಲ್ಲಿದೆ. ಪ್ರಶ್ನೆಗಳು ಹುಟ್ಟುವುದು ಬಹುತೇಕ ಆ ಕಾಗದದಿಂದ. ವಿಜಯಪುರ ಎಂದು ಬರೆದವರಿಗೆ ಗೋಲಗುಂಬಜ್ ಕೇಳಿಯೇ ಕೇಳುತ್ತಾರೆ. ಅದು ಮಹಮ್ಮದ್ ಆದಿಲ್ ಶಾಹನ ಸಮಾಧಿ, ಪಿಸುಗುಟ್ಟುವ ಗ್ಯಾಲರಿ ಇದೆ ಎಂಬಲ್ಲಿಗೆ ನಿಲ್ಲಿಸಿದರೆ ಪ್ರವಾಸಿಗನ ಉತ್ತರವಾಯಿತು. ಅಂಥ ದೊಡ್ಡ ಊರಿಗೆ ಆದಿಲ್ ಶಾಹಿಗಳು ನೀರು ತಂದದ್ದು ಹೇಗೆ, ತೊರವಿಯ ಸುರಂಗ ಬಾವಡಿಯಿಂದ ನೆಲದಡಿಯ ಕಾಲುವೆ ಹೇಗೆ ಹರಿಯುತ್ತಿತ್ತು, ಇವತ್ತಿನ ಬರಕ್ಕೆ ಅದರಿಂದ ಕಲಿಯಬಹುದಾದ್ದು ಏನು ಎಂಬಲ್ಲಿಗೆ ಮಾತು ಮುಟ್ಟಿದರೆ ಮಂಡಳಿಯವರು ಕಿವಿ ನಿಮಿರಿಸುತ್ತಾರೆ.

ಆಲಮಟ್ಟಿಯೂ ಹಾಗೆಯೇ. ಜಲಾಶಯದ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ ಅಧಿಸೂಚನೆ ನಿಂತಿತು. ಸಾಂಗ್ಲಿ, ಕೊಲ್ಹಾಪುರದ ಪ್ರವಾಹಕ್ಕೆ ಆಲಮಟ್ಟಿಯ ಹಿನ್ನೀರು ಕಾರಣ ಎಂಬುದು ಮಹಾರಾಷ್ಟ್ರದ ವಾದ. ಬಬಲೇಶ್ವರದ ಅಭ್ಯರ್ಥಿಗೆ ಇದು ಮನೆಬಾಗಿಲಿನ ವಿಷಯ, ಮುಳವಾಡ ಮತ್ತು ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಕೃಷ್ಣೆಯದೇ ತಾನೆ. ತನ್ನ ಭಾಗದ ಹಕ್ಕನ್ನು ಗಟ್ಟಿಯಾಗಿ ಹೇಳಬೇಕು. ಜೊತೆಗೆ ಎದುರು ಪಕ್ಷದ ವಾದವನ್ನೂ, ಮುಳುಗಡೆಯಾಗುವ ಹಳ್ಳಿಗಳ ಸಂಕಟವನ್ನೂ ತಿಳಿದು ಮಾತನಾಡಬೇಕು. ಮುಂದೆ ಅಧಿಕಾರಿಯಾಗುವವರಲ್ಲಿ ಮಂಡಳಿ ನೋಡುವುದು ಈ ಹದವನ್ನೇ.

ಎಲ್ಲ ಬಗೆಯ ಸಂದರ್ಶನದಲ್ಲೂ ಬರುವ ಪ್ರಶ್ನೆ ಒಂದಿದೆ: ಮನೆಯಲ್ಲಿ ಏನು ಮಾಡುತ್ತಾರೆ? "ಒಕ್ಕಲುತನ ರೀ" ಎಂದು ತಲೆ ತಗ್ಗಿಸಿ ಸುಮ್ಮನಾಗುವವರೇ ಹೆಚ್ಚು. ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರ ಮಗಳು ಹಾಗೇಕೆ ಸುಮ್ಮನಾಗಬೇಕು? ವರ್ಷಕ್ಕೆ ಎರಡು ಸಲ ಬಳ್ಳಿಯ ಚಾಟ್ನಿ (ಸವರುವಿಕೆ) ಮಾಡುವುದು, ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಡಿಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುವುದು, ಹಣ್ಣಿನ ಮೇಲಿನ ಮೇಣದ ಪೊರೆ ಸಡಿಲಾಗಿ ತೇವ ಬೇಗ ಹೊರಬರುವುದು, ಶೆಡ್ಡಿನ ನೆರಳಲ್ಲಿ ಜಾಲರಿಯ ಮೇಲೆ ಹರವಿ ಒಣಗಿಸುವುದು, ಸುಮಾರು ನಾಲ್ಕು ಕಿಲೊ ಹಸಿ ದ್ರಾಕ್ಷಿಗೆ ಒಂದು ಕಿಲೊ ಒಣದ್ರಾಕ್ಷಿ ಸಿಗುವುದು, ಅಕಾಲಿಕ ಮಳೆ ಬಿದ್ದರೆ ಬಣ್ಣ ಕೆಟ್ಟು ದರ ಕುಸಿಯುವುದು, ಮಾಲು ತಾಸಗಾಂವ್, ಸಾಂಗ್ಲಿ ಪೇಟೆಗೆ ಹೋಗುವುದು, ಇದೆಲ್ಲ ಅವಳು ಕಣ್ಣಾರೆ ಕಂಡದ್ದು. ಬ್ಯಾಂಕಿನವರಿಗೆ ಇದರಲ್ಲಿ ಸಾಲದ ವಿಷಯ ಇದೆ, ಕೃಷಿ ಇಲಾಖೆಗೆ ಸಂಸ್ಕರಣೆಯ ವಿಷಯ ಇದೆ, ಸಾಫ್ಟ್‌ವೇರ್ ಕಂಪನಿಗೂ ಕಷ್ಟದ ಕೆಲಸವೊಂದನ್ನು ಹತ್ತಿರದಿಂದ ಅರಿತ ಅಭ್ಯರ್ಥಿ ಕಾಣುತ್ತಾಳೆ. ಬಾಯಿಪಾಠ ಮಾಡಿದ ಉತ್ತರದಲ್ಲಿ ಎರಡನೆಯ ಪ್ರಶ್ನೆಗೆ ತಡವರಿಕೆ ಶುರುವಾಗುತ್ತದೆ. ಕಂಡು ಮಾಡಿದ ಕೆಲಸದ ಬಗ್ಗೆ ಹತ್ತು ಪ್ರಶ್ನೆ ಬಂದರೂ ಮಾತಿಗೆ ಬರ ಇಲ್ಲ.

ಭಾಷೆಯ ಅಂಜಿಕೆ ಈ ಭಾಗದಲ್ಲಿ ದೊಡ್ಡದು. ಕೆಪಿಎಸ್‌ಸಿ ಸಂದರ್ಶನವನ್ನು ಕನ್ನಡದಲ್ಲಿ ಎದುರಿಸಬಹುದು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರಿಗೆ ಸಂದರ್ಶನದಲ್ಲೂ ಕನ್ನಡ ಆರಿಸಿಕೊಳ್ಳಲು ಅವಕಾಶವಿದೆ. ವಿಜಯಪುರದ ಆಡುಮಾತನ್ನು ಮುಚ್ಚಿಟ್ಟು ಬೆಂಗಳೂರಿನ ಧಾಟಿ ಅನುಕರಿಸಲು ಹೋದರೆ ಗಮನವೆಲ್ಲ ಉಚ್ಚಾರದ ಕಡೆಗೇ ಹೋಗಿ ವಿಚಾರ ಹಿಂದೆ ಬೀಳುತ್ತದೆ. "ಹೌದ್ರಿ", "ಇಲ್ರಿ" ಎಂಬಲ್ಲಿಯ "ರಿ" ಗೌರವದ ರೂಪ, ಅದಕ್ಕೆ ನಾಚುವ ಅಗತ್ಯ ಇಲ್ಲ. ವಿಷಯದ ಪದಗಳು ಮಾತ್ರ ಖಚಿತವಾಗಿರಬೇಕು.

ಸೇನೆಯ ಅಧಿಕಾರಿಗಳ ಆಯ್ಕೆ ಇವೆಲ್ಲಕ್ಕಿಂತ ಭಿನ್ನ. ವಿಜಯಪುರದಲ್ಲಿ 1963ರಲ್ಲಿ ಸೈನಿಕ ಶಾಲೆ ಆರಂಭವಾದದ್ದರಿಂದ ಈ ಊರಿಗೆ ಎಸ್‌ಎಸ್‌ಬಿ (ಸೇವಾ ಆಯ್ಕೆ ಮಂಡಳಿ) ಎಂಬ ಹೆಸರು ಹೊಸದಲ್ಲ. ಭೂಸೇನೆಗೆ ಬೆಂಗಳೂರಿನಲ್ಲಿ, ವಾಯುಸೇನೆಗೆ ಮೈಸೂರಿನಲ್ಲಿ ಆಯ್ಕೆ ಮಂಡಳಿಗಳಿವೆ. ಇದು ಐದು ದಿನಗಳ ಪರೀಕ್ಷೆ. ಮೊದಲ ದಿನ ಬುದ್ಧಿಶಕ್ತಿ ಪರೀಕ್ಷೆ, ಜೊತೆಗೆ ಮಸುಕಾದ ಚಿತ್ರವೊಂದನ್ನು ನೋಡಿ ಕತೆ ಬರೆದು ಗುಂಪಿನಲ್ಲಿ ಚರ್ಚಿಸುವ ಸುತ್ತು. ಅಲ್ಲಿ ನಪಾಸಾದವರು ಅಂದೇ ವಾಪಸು. ಉಳಿದವರಿಗೆ ಮನೋವೈಜ್ಞಾನಿಕ ಪರೀಕ್ಷೆಗಳು: ಕೊನೆಯ ಖಾಲಿ ಹಾಳೆಯೂ ಸೇರಿ 12 ಚಿತ್ರಗಳಿಗೆ ಕತೆ, 60 ಪದಗಳಿಗೆ ಒಂದೊಂದು ವಾಕ್ಯ, 60 ಸಂದರ್ಭಗಳಿಗೆ 30 ನಿಮಿಷದಲ್ಲಿ ಪ್ರತಿಕ್ರಿಯೆ. ಆಮೇಲೆ ಮೈದಾನದ ಕೆಲಸಗಳು. ಹಗ್ಗ, ಹಲಗೆ, ಪೀಪಾಯಿ ಹಿಡಿದು ಗುಂಪನ್ನು ಅಡೆತಡೆ ದಾಟಿಸಬೇಕು.

ಎಸ್‌ಎಸ್‌ಬಿಯ ಮೌಖಿಕ ಸಂದರ್ಶನದಲ್ಲಿ ಎದುರಿಗಿರುವುದು ಒಬ್ಬರೇ ಅಧಿಕಾರಿ. ಅವರು ಒಂದೇ ಉಸಿರಿನಲ್ಲಿ ಸರಮಾಲೆಯಂತೆ ಪ್ರಶ್ನೆ ಕೇಳುತ್ತಾರೆ: ಒಂಬತ್ತನೇ ತರಗತಿಯಿಂದ ಇಲ್ಲಿಯವರೆಗೆ ಎಷ್ಟೆಷ್ಟು ಅಂಕ, ಇಷ್ಟದ ಶಿಕ್ಷಕರು ಯಾರು, ಯಾರನ್ನು ಕಂಡರೆ ಆಗುತ್ತಿರಲಿಲ್ಲ, ಏಕೆ, ಆಪ್ತ ಗೆಳೆಯರು ಯಾರು, ಅವರು ನಿಮ್ಮಲ್ಲಿ ಮೆಚ್ಚುವುದು ಏನು, ಟೀಕಿಸುವುದು ಏನು, ಬಿಡುವಿನ ವೇಳೆ ಹೇಗೆ ಕಳೆಯುತ್ತೀರಿ. ಅನುಕ್ರಮ ನೆನಪಿಟ್ಟು ಉತ್ತರಿಸಬೇಕು, ಮರೆತರೆ ಮರೆತೆ ಎನ್ನಬೇಕು. ಚಿತ್ರಕ್ಕೆ ಬರೆದ ಕತೆಯಲ್ಲಿ ಧೈರ್ಯಶಾಲಿ, ಮೈದಾನದಲ್ಲಿ ಹಿಂಜರಿಕೆ, ಮಾತಿನಲ್ಲಿ ಇನ್ನೊಂದು ಮುಖ ಎಂದಾದರೆ ಕೊನೆಯ ದಿನದ ಸಮಾವೇಶದಲ್ಲಿ ಮೂವರು ಪರೀಕ್ಷಕರೂ ತಮ್ಮ ಟಿಪ್ಪಣಿ ಹೋಲಿಸಿದಾಗ ಬಯಲಾಗುತ್ತದೆ. ನಾಲ್ಕು ವಾರದ ಕೋಚಿಂಗ್ ಇದಕ್ಕೆ ಸಾಲದು. ಎನ್‌ಸಿಸಿ, ಊರ ಜಾತ್ರೆಯ ಸ್ವಯಂಸೇವೆ, ಕಬಡ್ಡಿ ತಂಡದ ನಾಯಕತ್ವ, ಮನೆಯ ಹೊಣೆ ಹೊತ್ತ ಅನುಭವ ಇಲ್ಲಿ ನೆರವಿಗೆ ಬರುತ್ತವೆ.

ಬ್ಯಾಂಕ್ ಸಂದರ್ಶನಕ್ಕೆ ಹೋಗುವವರು ತಮ್ಮ ಬ್ಯಾಂಕಿನ ವಂಶಾವಳಿ ಅರಿತಿರಬೇಕು. ಬಿಜಾಪುರ ಗ್ರಾಮೀಣ ಬ್ಯಾಂಕ್ 2005ರಲ್ಲಿ ಮಲಪ್ರಭಾ, ವರದಾ, ನೇತ್ರಾವತಿ ಗ್ರಾಮೀಣ ಬ್ಯಾಂಕುಗಳ ಜೊತೆ ಸೇರಿ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಿಂದ ಅದೂ ವಿಲೀನವಾಗಿ ಬಳ್ಳಾರಿ ಕೇಂದ್ರ ಕಚೇರಿಯ ಕರ್ನಾಟಕ ಗ್ರಾಮೀಣ ಬ್ಯಾಂಕ್ ಇದೆ. ಬಂಡವಾಳದಲ್ಲಿ ಕೇಂದ್ರ ಸರ್ಕಾರದ ಪಾಲು ಶೇ 50, ಪ್ರಾಯೋಜಕ ಬ್ಯಾಂಕಿನದು 35, ರಾಜ್ಯದ್ದು 15. ಇದನ್ನು ಒಪ್ಪಿಸಿದ ಮೇಲೆ ಅಸಲಿ ಪ್ರಶ್ನೆ ಬರುತ್ತದೆ: ಸಾಲ ತೀರಿಸದ ರೈತ ಶಾಖೆಗೆ ಬಂದರೆ ಏನು ಮಾಡುತ್ತೀರಿ? 1998ರಲ್ಲಿ ಬಂದ ಕಿಸಾನ್ ಕ್ರೆಡಿಟ್ ಕಾರ್ಡ್ ಹೇಗೆ ಕೆಲಸ ಮಾಡುತ್ತದೆ, ಸಮಯಕ್ಕೆ ತೀರಿಸಿದರೆ 3 ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿ ಶೇ 7ರಿಂದ 4ಕ್ಕೆ ಹೇಗೆ ಇಳಿಯುತ್ತದೆ ಎಂದು ಮನೆಯ ಪಾಸ್‌ಬುಕ್ ನೋಡಿ ಕಲಿತವರು ಅಲ್ಲಿ ತಡವರಿಸುವುದಿಲ್ಲ.

ಕ್ಯಾಂಪಸ್ ಆಯ್ಕೆಯಲ್ಲಿ ಆಪ್ಟಿಟ್ಯೂಡ್ ಪರೀಕ್ಷೆ, ಕೆಲವೆಡೆ ಗುಂಪು ಚರ್ಚೆ, ತಾಂತ್ರಿಕ ಸುತ್ತು, ಕಡೆಗೆ ಎಚ್‌ಆರ್ ಸುತ್ತು. ತಾಂತ್ರಿಕ ಸುತ್ತಿನಲ್ಲಿ ಸೋಲುವುದು ಹೆಚ್ಚಾಗಿ ಕೊನೆಯ ವರ್ಷದ ಪ್ರಾಜೆಕ್ಟಿನ ಮೇಲೆಯೇ. ದುಡ್ಡು ಕೊಟ್ಟು ತಂದ ಪ್ರಾಜೆಕ್ಟು ಎರಡೇ ಪ್ರಶ್ನೆಗೆ ಗುರುತು ಸಿಗುತ್ತದೆ. ಚಿಕ್ಕದಾದರೂ ಸ್ವಂತದ್ದಾಗಿರಲಿ. ದೊಡ್ಡ ಕಂಪನಿಗಳು ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ ಕೇಳಿ ಮೊದಲೇ ನಿಗದಿಪಡಿಸಿದ ಮಾನದಂಡದಿಂದ ಅಂಕ ಕೊಡುವುದಕ್ಕೂ ಕಾರಣವಿದೆ. 1998ರಲ್ಲಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ, ಇಂಥ ಕ್ರಮಬದ್ಧ ಸಂದರ್ಶನ ಹರಟೆಯಂಥ ಸಂದರ್ಶನಕ್ಕಿಂತ ಮುಂದಿನ ಕೆಲಸದ ಗುಣವನ್ನು ಚೆನ್ನಾಗಿ ಸೂಚಿಸುತ್ತದೆ ಎಂದು ತೋರಿಸಿದರು. "ತಂಡದಲ್ಲಿ ಜಗಳವಾದಾಗ ಏನು ಮಾಡಿದಿರಿ" ಎಂಬಂಥ ಪ್ರಶ್ನೆಗೆ ನಡೆದ ಸಂದರ್ಭ, ತನ್ನ ಹೊಣೆ, ಮಾಡಿದ ಕೆಲಸ, ಬಂದ ಫಲ ಎಂಬ ಅನುಕ್ರಮದಲ್ಲಿ ಎರಡು ನಿಮಿಷ ಹೇಳಿದರೆ ಸಾಕು. ಅಂಥ ನಾಲ್ಕೈದು ಸ್ವಂತ ಪ್ರಸಂಗ ಮೊದಲೇ ನೆನಪು ಮಾಡಿಟ್ಟುಕೊಂಡಿರಬೇಕು.

ಕೆಲವು ಕೆಲಸಗಳಲ್ಲಿ ಬಾಯಿಗಿಂತ ಕೈ ಮುಖ್ಯ. ಖಾಸಗಿ ಶಾಲೆಯಲ್ಲಿ ಡೆಮೊ ಪಾಠ ಮಾಡಿಸುತ್ತಾರೆ. ಹಲಗೆಗೆ ಬೆನ್ನು ಹಾಕದೆ, ಮಕ್ಕಳಿಗೆ ಪ್ರಶ್ನೆ ಕೇಳುತ್ತ ಹತ್ತು ನಿಮಿಷದಲ್ಲಿ ಒಂದೇ ಪರಿಕಲ್ಪನೆ ಮುಗಿಸುವವರು ಗೆಲ್ಲುತ್ತಾರೆ. ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯಕ್ಕೆ ಹೋದರೆ ಬ್ರಿಕ್ಸ್, ಪೋಲ್, ರಿಕವರಿ ಲೆಕ್ಕ ಬರಬೇಕು. ಐಟಿಐ ಫಿಟ್ಟರ್‌ಗೆ ವರ್ನಿಯರ್ ಕ್ಯಾಲಿಪರ್ ಕೊಟ್ಟು ಅಳತೆ ಓದಿಸುತ್ತಾರೆ.

ಮಾತು ಚೆನ್ನಾಗಿ ಆಡಿಯೂ ಕಾಗದದಲ್ಲಿ ಎಡವುವವರಿದ್ದಾರೆ. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿಯ ಪ್ರಮಾಣಪತ್ರಗಳು ನಿಗದಿತ ನಮೂನೆಯಲ್ಲಿ, ನಿಗದಿತ ದಿನಾಂಕದೊಳಗೆ ಸಿದ್ಧವಿರಬೇಕು. ಕೃಷ್ಣಾ ಮೇಲ್ದಂಡೆಯಲ್ಲಿ ಜಮೀನು ಕಳೆದುಕೊಂಡ ಕುಟುಂಬದವರು ಯೋಜನಾ ನಿರಾಶ್ರಿತರ ಪ್ರಮಾಣಪತ್ರ ಅನ್ವಯಿಸುತ್ತದೆಯೇ ಎಂದು ಅಧಿಸೂಚನೆಯಲ್ಲೇ ನೋಡಬೇಕು. ಪಕ್ಕದ ಕಲಬುರಗಿಗೆ ಇರುವ 371 ಜೆ ವಿಶೇಷ ಮೀಸಲಾತಿ ವಿಜಯಪುರ ಜಿಲ್ಲೆಗೆ ಇಲ್ಲ. ಅದನ್ನು ತಪ್ಪಾಗಿ ಗುರುತು ಹಾಕಿದರೆ ಅರ್ಜಿಯೇ ಬೀಳಬಹುದು. ಇನ್ನೊಂದು ಸಂಗತಿ ಹೊರರಾಜ್ಯದ ಸಂದರ್ಶನಕ್ಕೆ ಹೋಗುವವರಿಗೆ. ಹಳೆಯ ಅಂಕಪಟ್ಟಿಯಲ್ಲಿ ಬಿಜಾಪುರ, 2014ರ ನವೆಂಬರ್ 1ರ ನಂತರದ್ದರಲ್ಲಿ ವಿಜಯಪುರ. ಹಳೆಯದರಲ್ಲಿ ವಿಜಯಪುರ ತಾಲ್ಲೂಕು, 2017–18ರ ಬಜೆಟ್‌ನಲ್ಲಿ ಹೊಸ ತಾಲ್ಲೂಕುಗಳು ಘೋಷಣೆಯಾದ ಮೇಲಿನದರಲ್ಲಿ ಬಬಲೇಶ್ವರ ಅಥವಾ ತಿಕೋಟಾ. ಊರು ಬದಲಾಗಿಲ್ಲ, ಹೆಸರು ಮತ್ತು ತಾಲ್ಲೂಕು ಮಾತ್ರ ಬದಲಾಗಿದೆ ಎಂದು ಒಂದೇ ವಾಕ್ಯದಲ್ಲಿ ವಿವರಿಸಲು ತಯಾರಿರಬೇಕು.

ಮಹಿಳಾ ಅಭ್ಯರ್ಥಿಗಳಿಗೆ ಎದುರಾಗುವ ಒಂದು ಅನ್ಯಾಯವನ್ನು ಇಲ್ಲಿ ಹೇಳಲೇಬೇಕು. ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯ 2003ರಲ್ಲಿ ಸ್ಥಾಪನೆಯಾದದ್ದು ಇದೇ ವಿಜಯಪುರದಲ್ಲಿ. ಇಂದು ಅಕ್ಕಮಹಾದೇವಿಯ ಹೆಸರಿನ ಆ ವಿಶ್ವವಿದ್ಯಾಲಯದಿಂದ ಓದಿ ಬಂದವರನ್ನೂ ಖಾಸಗಿ ಸಂದರ್ಶನಗಳಲ್ಲಿ "ಮದುವೆ ಯಾವಾಗ, ಆಮೇಲೆ ಕೆಲಸ ಬಿಡ್ತೀರಾ" ಎಂದು ಕೇಳುವವರಿದ್ದಾರೆ. ನೇಮಕಾತಿಯಲ್ಲಿ ಲಿಂಗಭೇದ ಮಾಡಬಾರದೆಂದು 1976ರ ಸಮಾನ ವೇತನ ಕಾಯ್ದೆ ಹೇಳಿತು, 2019ರ ವೇತನ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಹುದ್ದೆಯ ಹೊಣೆ ನಿಭಾಯಿಸಲು ತಾನು ತಯಾರು ಎಂದಷ್ಟೇ ಹೇಳಿ ಮಾತನ್ನು ಕೆಲಸದ ಕಡೆಗೆ ತಿರುಗಿಸುವುದು ಜಾಣತನ. ಪ್ರಶ್ನೆಯೇ ತಪ್ಪು ಎಂಬುದು ಕೇಳುವವರಿಗೆ ಗೊತ್ತಿರಬೇಕಾದ್ದು.

ಉಡುಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ಇಸ್ತ್ರಿ ಮಾಡಿದ, ಮೈಗೆ ಹೊಂದುವ ಬಟ್ಟೆ ಸಾಕು, ಸಾಲ ಮಾಡಿ ಕೋಟು ಹೊಲಿಸಬೇಕಿಲ್ಲ. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಾಗಲಿ ಬಸ್ಸಿನಲ್ಲಾಗಲಿ ರಾತ್ರಿಯಿಡೀ ಕುಳಿತು ಬೆಂಗಳೂರಿಗೆ ಇಳಿದು ನೇರ ಸಂದರ್ಶನಕ್ಕೆ ಹೋಗುವುದಕ್ಕಿಂತ ಒಂದು ದಿನ ಮೊದಲೇ ತಲುಪುವುದು ಒಳ್ಳೆಯದು. ವಿಡಿಯೊ ಸಂದರ್ಶನವಾದರೆ ಬೆಳಕು ಮುಖದ ಮೇಲೆ ಬೀಳುವ ಜಾಗ, ಚಾರ್ಜ್ ಇರುವ ಫೋನು, ವಿದ್ಯುತ್ ಹೋದರೂ ನಡೆಯುವ ನೆಟ್ ವ್ಯವಸ್ಥೆಯನ್ನು ಮುನ್ನಾದಿನವೇ ಪರೀಕ್ಷಿಸಬೇಕು.

ಅಪರಿಚಿತ ಹಿರಿಯರ ಎದುರು ಕುಳಿತು ತನ್ನ ಬಗ್ಗೆ ತಾನೇ ಮಾತನಾಡುವ ಅಭ್ಯಾಸ ಹಳ್ಳಿಯ ಮಕ್ಕಳಿಗೆ ಯಾರೂ ಮಾಡಿಸಿಲ್ಲ. ಅವರಲ್ಲಿರುವ ಕೊರತೆ ಬಹುಮಟ್ಟಿಗೆ ಇದೊಂದೇ. ಬಬಲೇಶ್ವರ, ತಿಕೋಟಾ ತಾಲ್ಲೂಕುಗಳ ಪದವಿ ಕಾಲೇಜುಗಳು ಕೊನೆಯ ವರ್ಷದ ಪ್ರತಿ ವಿದ್ಯಾರ್ಥಿಗೂ ಎರಡು ಅಣಕು ಸಂದರ್ಶನವನ್ನಾದರೂ ಕಡ್ಡಾಯವಾಗಿ ನಡೆಸಲಿ. ನಿವೃತ್ತ ಬ್ಯಾಂಕ್ ಮ್ಯಾನೇಜರ್, ಮಾಜಿ ಸೈನಿಕರು, ಹೈಸ್ಕೂಲು ಮುಖ್ಯೋಪಾಧ್ಯಾಯರು ಪ್ರತಿ ಊರಿನಲ್ಲೂ ಇದ್ದಾರೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಭಾನುವಾರ ಎರಡು ಗಂಟೆ ಕೂರಲು ಅವರನ್ನು ಕರೆಯಬೇಕು, ಕರೆದರೆ ಬರುತ್ತಾರೆ.